ಕೋಡಿಯಿಲ್ಲದ ಕೆರೆ

ಗುತ್ತಲು ರಸ್ತೆಯಲ್ಲಿ ಅಕ್ಕಿ ಗಿರಣಿಯ ಬೆನ್ನಿಗೆ ನನ್ನ ಶೆಡ್ಡು.
ತೌಡಿನ ವಾಸನೆಯೊಳಗೆ ಹದಿನಾರು ಸೆಲ್ಲು
ಸಾಲಾಗಿ ನಿಲ್ಲಿಸಿ ಪಟ್ಟಿ ಬಿಗಿದೆ.
ಎಲ್ಲಕ್ಕೂ ನೀಲಿ ಅಂಗಿ, ಒಂದೇ ಎತ್ತರ, ಒಂದೇ ತೂಕ,
ಹೊಟ್ಟೆ ಮಾತ್ರ ಒಂದೊಂದರದು ಒಂದೊಂದು ಅಳತೆ.

ಇಮ್ತಿಯಾಜಣ್ಣನ ಬನ್ನಿನ ಗಾಡಿಗೆ ಇದು.
ನಸುಕಿನ ನಾಲ್ಕಕ್ಕೆ ಬೇಕರಿ ಬಿಟ್ಟು
ಕೆರಗೋಡಿಗೆ ಹೋಗಿ ಬರಬೇಕು.
ಪೆಟ್ರೋಲ್ ಎಂಜಿನ್ನು ಗುಜರಿಗೆ ಕೊಟ್ಟ ದಿನ
ಅವನು ಕೇಳಿದ್ದು ಇಷ್ಟೇ:
‘ಕಂಠಪೂರ್ತಿ ತುಂಬ್ಸಮ್ಮಾ, ದಾರೀಲಿ ಕೈ ಕೊಡಬಾರ್ದು.’

ತುಂಬಿಸಿದೆ.
ಐವತ್ತೆಂಟು ಪಾಯಿಂಟ್ ನಾಲ್ಕಕ್ಕೆ ಚಾರ್ಜರು ನಿಲ್ಲಬೇಕು,
ನಿಂತಿತು. ಹಸಿರು ದೀಪ.
ಒಟ್ಟು ಲೆಕ್ಕ ಸರಿಯಿದೆ ಎಂದು ಟೀ ಕುಡಿಯಲು ಹೋದೆ.

ವಾಪಸು ಬಂದರೆ ತಾತ
ಬನ್ನಿನ ಕ್ರೇಟು ಬೋರಲು ಹಾಕಿ ಕೂತಿದ್ದಾನೆ,
ಅಂಗೈ ಸೆಲ್ಲುಗಳ ಮೇಲೆ, ಮುಟ್ಟದೆ, ಕೂಸಿನ ಜ್ವರ ನೋಡುವ ಹಾಗೆ.
‘ಒಂಬತ್ತನೇದು ಬೆಚ್ಚಗದೆ ಮಗ.’

ಮೀಟರು ಇಟ್ಟೆ.
ಹದಿನೈದು ಸೆಲ್ಲು ಮೂರು ಪಾಯಿಂಟ್ ಆರು ಮೂರು,
ಒಂದು ಮಾತ್ರ ಮೂರು ಪಾಯಿಂಟ್ ಒಂಬತ್ತು ಐದು.
ಕೂಡಿ ನೋಡಿದೆ, ಚೀಟಿಯ ಹಿಂದೆ, ಎರಡು ಸಲ.
ಸರಿಯಾಗೇ ಬರುತ್ತದೆ.
ಅದೇ ನನ್ನ ಬೆವರಿಗೆ ಕಾರಣ.

ತಾತನ ಹೆಸರು ಮೂಗಯ್ಯ. ನಮ್ಮೂರ ಕೆರೆಗೆ ನೀರಗಂಟಿ,
ಮೂವತ್ತೊಂಬತ್ತು ವರ್ಷ.
ಎಲ್ಲರ ಗದ್ದೆಗೂ ನೀರು ಬಿಟ್ಟವನು,
ಯಾರ ಬಾವಿಯಲ್ಲೂ ಸೇದದವನು.
ಅವನಿಗೆ ವೋಲ್ಟು ಗೊತ್ತಿಲ್ಲ. ಕೇಳಿದ:
‘ಇದರ ಕೋಡಿ ಎಲ್ಲದೆ?’

‘ಇಲ್ಲ ತಾತ.’

‘ಏರಿ ಕಟ್ಟಿದೋಳು ಕೋಡಿ ಮರೆತ್ಯಾ?’

ಮರೆತಿರಲಿಲ್ಲ.
ಬೋರ್ಡು ಡ್ರಾಯರಿನಲ್ಲೇ ಇತ್ತು, ಕವರು ಒಡೆಯದೆ.
ಹದಿನೇಳು ಸಣ್ಣ ತಂತಿ, ಕೂದಲಿಗಿಂತ ಒಂದು ಚೂರು ದಪ್ಪ,
ಒಂದೊಂದನ್ನೂ ಅದರದರ ಮನೆಗೆ ಬೆಸೆಯಬೇಕು.
ನಾಳೆ ಮಾಡಿದರಾಯಿತು ಅಂದುಕೊಂಡಿದ್ದೆ.
ಇದನ್ನು ತಾತನಿಗೆ ಹೇಳಲಿಲ್ಲ.
ಅವನೂ ಕೇಳಲಿಲ್ಲ, ತೂಬಿನ ಮಾತು ತೆಗೆದ:

‘ಕೆರೇಲಿ ಎಷ್ಟದೆ ಅಂತ ನೋಡೋನು ನೀರಗಂಟಿ ಅಲ್ಲ.
ಯಾರ ಗದ್ದೆ ತುಂಬ್ತು, ಯಾವ ಬದು ಮೆತ್ತಗಾಯ್ತು,
ಕಾಲಲ್ಲಿ ತುಳ್ದು ನೋಡ್ಬೇಕು, ಕತ್ತಲೇಲಿ.
ತುಂಬಿದ ಗದ್ದೆಯೋನೇ ಇನ್ನೊಂದ್ ಗಳಿಗೆ ಬುಡು ಅಂತಾನೆ.
ನಾನು ಮಡೆ ಕಟ್ಟಿದೆ ಅಂತ ಪಟೇಲ ಕೆನ್ನೆಗೆ ಹೊಡ್ದ.
ಹೊಡುಸ್ಕಂಡೆ. ಕಟ್ಟಿದ್ದ ಬಿಚ್ಚಲಿಲ್ಲ.’

ಆ ರಾತ್ರಿ ಗಿರಣಿ ನಿಂತ ಮೇಲೆ
ಬೆಸುಗೆ ಕಡ್ಡಿ ಬಿಸಿ ಮಾಡಿದೆ.
ಒಂಬತ್ತನೆಯದನ್ನು ಬಿಚ್ಚಿದರೆ
ಅದರ ಪಕ್ಕೆ ಎರಡು ಕಾಳಿನಷ್ಟು ಉಬ್ಬಿತ್ತು.
ಮರಳಿನ ಬಕೆಟ್ಟಿಗೆ ಇಳಿಸಿ ಹೊರಗಿಟ್ಟೆ.
ಅದರ ಜಾಗಕ್ಕೆ ಹೊಸದು.
ಕೆಂಪು ತಂತಿ, ಕರಿ ತಂತಿ, ಆರನೆಯದು ತಪ್ಪಿತು, ಮತ್ತೆ ಬಿಚ್ಚಿದೆ.
ಚಾರ್ಜರನ್ನೂ ಐವತ್ತಾರಕ್ಕೆ ಇಳಿಸಿದೆ.
ಏರಿಯ ತಲೆಗೂ ನೀರಿಗೂ ನಡುವೆ
ಒಂದು ಮೊಳ ಬಿಡಬೇಕಂತೆ.

ಬೆಳಗಿನ ಮೂರಕ್ಕೆ ಬೋರ್ಡಿನಲ್ಲಿ
ಸಾಸಿವೆಯಷ್ಟು ದೀಪ ಹತ್ತಿತು, ನಾಲ್ಕನೆಯದರ ಎದುರು.
ಬೇಗ ತುಂಬಿದ್ದು ತನ್ನ ಹೆಚ್ಚಳವನ್ನು
ತೊಟ್ಟು ತೊಟ್ಟಾಗಿ ಬಿಸಿ ಮಾಡಿ ಚೆಲ್ಲುತ್ತಿತ್ತು,
ಹಿಂದೆ ಉಳಿದವು ಬಂದು ಮುಟ್ಟುವವರೆಗೆ.
ತಾತ ಬೋರ್ಡಿನ ಹತ್ತಿರ ಅಂಗೈ ತಂದ.
‘ಹೂಂ. ಕೋಡಿ ಬಿತ್ತು’ ಅಂದು
ಟವೆಲು ಹೊದ್ದು ಕ್ರೇಟಿಗೇ ಒರಗಿದ.

ಇಮ್ತಿಯಾಜಣ್ಣ ನಾಲ್ಕಕ್ಕೆ ಬಂದ.
ಎರಡು ಕಿಲೋಮೀಟರು ಕಮ್ಮಿ ಓಡುತ್ತೆ ಅಂದೆ.
‘ಅದ್ಯಾಕಮ್ಮಾ, ಅಷ್ಟು ದುಡ್ಡು ಕೊಟ್ಟು?’ ಎಂದು ಗೊಣಗಿದ.
ಕೆನ್ನೆಗೇನೂ ಹೊಡೆಯಲಿಲ್ಲ.
ನಾಲ್ಕು ಬನ್ನು ಇಟ್ಟು ಸದ್ದಿಲ್ಲದೆ ಹೋದ.

ಒಂಬತ್ತನೆಯದು ಇನ್ನೂ ಮರಳಲ್ಲೇ ಇದೆ.
ಅದನ್ನು ಯಾರು ತಗೊಳ್ಳುತ್ತಾರೋ, ಎಲ್ಲಿ ಕೊಡಬೇಕೋ ವಿಚಾರಿಸುತ್ತಿದ್ದೇನೆ.
ದಿನಾ ಬೆಳಗ್ಗೆ ಮುಖ ತೊಳೆಯುವ ಮೊದಲು
ತಾತ ಬಕೆಟ್ಟಿನ ಮೇಲೆ ಅಂಗೈ ಹಿಡಿಯುತ್ತಾನೆ,
ಹಿಡಿದು, ನನ್ನ ಕಡೆ ನೋಡುತ್ತಾನೆ.